‘ಸಾರ್ಟ್’ ಕಲಿಸಿದ ದಿನ

ನಮ್ಮ ಮನೆಯಲ್ಲಿ ಕಾಳಿಗೆ ಮಾಡುವ ಕೆಲಸಗಳಿಗೆಲ್ಲ ಒಂದೊಂದು ಹೆಸರಿತ್ತು. ಮೊರದಲ್ಲಿ ಹಾಕಿ ಹೊಟ್ಟು ಹಾರಿಸಿದರೆ ಕೇರುವುದು. ಸಾಣಿಗೆಯಲ್ಲಿ ಆಡಿಸಿ ಪುಡಿ ಉದುರಿಸಿದರೆ ಸಾಣಿಸುವುದು. ತಟ್ಟೆಯಲ್ಲಿ ಹರವಿಕೊಂಡು ಕಲ್ಲು, ಕಡ್ಡಿ, ಹುಳ ಹಿಡಿದದ್ದು ತೆಗೆದು ಚೆಲ್ಲಿದರೆ ಹಸನು ಮಾಡುವುದು. ಬಿತ್ತಲಿಕ್ಕೆಂದು ದಪ್ಪ ಕಾಳು ನೋಡಿ ಎತ್ತಿಟ್ಟರೆ ಆರಿಸುವುದು. ಮದುವೆಯಾಗಿ ಹುಮನಾಬಾದಿಗೆ ಬರುವ ಹೊತ್ತಿಗೆ ಇವೆಲ್ಲ ನನಗೆ ಗೊತ್ತಿದ್ದವು. ಬಸವಕಲ್ಯಾಣದ ನನ್ನ ತವರಿನಲ್ಲೂ ಹೀಗೆಯೇ ಅನ್ನುತ್ತಿದ್ದೆವು. ಆದರೆ ಇವುಗಳ ಪಕ್ಕದಲ್ಲಿ ಒಂದು ಇಂಗ್ಲಿಷ್ ಕ್ರಿಯಾಪದವನ್ನು ತಂದು ಕೂರಿಸಬೇಕಾದ ದಿನ ಬಂತು. ಆ ದಿನದ ಮೇಲೆ ನನ್ನ ನೌಕರಿ ನಿಂತಿತ್ತು.

ನನ್ನ ಓದು ಶುರುವಾದದ್ದು ಉರ್ದುವಿನಲ್ಲಿ. ನಾನು ಚಿಕ್ಕವಳಿದ್ದಾಗ ಬಸವಕಲ್ಯಾಣ ಹೈದರಾಬಾದ್ ರಾಜ್ಯದ್ದು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ದಖನಿ, ಸಂತೆಯಲ್ಲಿ ಅರ್ಧ ಮರಾಠಿ, ಶಾಲೆಯಲ್ಲಿ ಉರ್ದು. ಐವತ್ತಾರರಲ್ಲಿ ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನನ್ನ ಓದು ಕನ್ನಡಕ್ಕೆ ಹೊರಳಿತು. ಬಲದಿಂದ ಎಡಕ್ಕೆ ಓಡುತ್ತಿದ್ದ ಕೈಯನ್ನು ಎಡದಿಂದ ಬಲಕ್ಕೆ ತಿರುಗಿಸಿಕೊಳ್ಳಬೇಕಾಯಿತು. ಒಂದಿಷ್ಟು ದಿನ ಪಾಟಿಯ ಮೇಲೆ ಎಲ್ಲಿಂದ ಬರೆಯಲು ಶುರು ಮಾಡಬೇಕೆಂಬುದೇ ತಿಳಿಯದೆ ನಡುವೆ ಬಳಪ ಊರಿಕೊಂಡು ಕೂತಿರುತ್ತಿದ್ದೆ. ಅದರ ಮೇಲೆ ಇಂಗ್ಲಿಷ್ ಬೇರೆ. ಹಾಗೂ ಹೀಗೂ ಮೆಟ್ರಿಕ್ ಪಾಸಾದೆ, ಆದರೆ ಯಾವ ಭಾಷೆಯಲ್ಲೂ ಪೂರ್ತಿ ಓದಿದವಳಲ್ಲ ಎಂಬ ಅಳುಕು ಉಳಿಯಿತು. ಹುಮನಾಬಾದಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಒಬ್ಬ ಶಿಕ್ಷಕಿ ವರ್ಗವಾಗಿ ಹೋದಾಗ ಆ ಜಾಗಕ್ಕೆ ನನ್ನನ್ನು ಹಂಗಾಮಿಯಾಗಿ ಕರೆದರು. ಆ ತರಗತಿಯಲ್ಲಿ ನಿಂತ ಮೇಲೆ ಮೊದಲ ಸಲ ನನ್ನ ಅರ್ಧರ್ಧ ಓದುಗಳೆಲ್ಲ ಕೆಲಸಕ್ಕೆ ಬಂದವು. ದಖನಿ ಆಡುವ ಹುಡುಗಿಗೆ ದಖನಿಯಲ್ಲಿ, ಮರಾಠಿ ಮನೆಯ ಹುಡುಗಿಗೆ ನನಗೆ ಬಂದಷ್ಟು ಮರಾಠಿಯಲ್ಲಿ ತಿಳಿಸಿ ಹೇಳುತ್ತಿದ್ದೆ. ಆ ನೌಕರಿ ಉಳಿಯಬೇಕೆಂದು ನನಗೆ ತುಂಬ ಆಸೆಯಿತ್ತು. ಯಾರ ಮುಂದೆಯೂ ಹೇಳಿರಲಿಲ್ಲ, ಅಷ್ಟೆ.

ಚಳಿಗಾಲದಲ್ಲಿ ಒಂದು ದಿನ ನಮ್ಮ ಮುಖ್ಯೋಪಾಧ್ಯಾಯಿನಿಯವರು ನನ್ನನ್ನು ಕರೆದರು.

“ಇನ್ಸ್‌ಪೆಕ್ಟರ್ ಸಾಹೇಬ್ರು ಬರೋರಿದ್ದಾರ. ಹಂಗಾಮಿ ಇದ್ದವರ ಪಾಠ ನೋಡ್ತಾರ. ಛಲೋ ಬರದ್ರ ಖಾಯಂ, ಇಲ್ಲಾಂದ್ರ ಬ್ಯಾಸಗಿಗೆ ಮುಗೀತು. ನೀವು ಆರನೇ ಕ್ಲಾಸಿಗೆ ಇಂಗ್ಲಿಷ್ ತೊಗೊಳ್ರಿ.”

“ಇಂಗ್ಲಿಷ್ ಬ್ಯಾಡ್ರಿ, ಗಣಿತ ತೊಗೋತೀನ್ರಿ.”

“ಗಣಿತ ನೋಡಿ ನೋಡಿ ಅವರಿಗೆ ಬ್ಯಾಸರ ಬಂದಾದ. ಇಂಗ್ಲಿಷೇ ತೊಗೊಳ್ರಿ.”

ಪಾಠ ಅಂಚೆ ಕಚೇರಿಯದು. ಒಬ್ಬ ಟೋಪಿಯ ಮನುಷ್ಯ ಗೂಡುಗೂಡಿನ ಪೆಟ್ಟಿಗೆಯ ಮುಂದೆ ನಿಂತು ಕಾಗದಗಳನ್ನು ಹಾಕುತ್ತಿರುವ ಚಿತ್ರ. ಕೆಳಗೆ, ಅವನು ಕಾಗದಗಳನ್ನು ‘ಸಾರ್ಟ್’ ಮಾಡುತ್ತಾನೆ ಎಂಬ ವಾಕ್ಯ. ನಮ್ಮ ಹುಡುಗಿಯರು ಅಂಚೆ ಕಚೇರಿಯ ಕಿಟಕಿಯನ್ನು ಹೊರಗಿನಿಂದ ನೋಡಿದವರು. ಒಳಗಿನ ಗೂಡುಗಳನ್ನು ಯಾರೂ ಕಂಡಿರಲಿಲ್ಲ. ನಾನೂ ಕಂಡಿರಲಿಲ್ಲ. ನನ್ನ ಹತ್ತಿರವಿದ್ದ ಹಳೆಯ ಉರ್ದು ನಿಘಂಟು ಒಂದು ಅರ್ಥ ಹೇಳಿತು, ಅದು ನಮ್ಮ ಓಣಿಯಲ್ಲಿ ಕೊಳೆತ ಬದನೆಕಾಯಿ ತೆಗೆದುಹಾಕುವುದಕ್ಕೆ ಅನ್ನುತ್ತಿದ್ದ ಮಾತು. ಸಾಹೇಬರು ಬರಲು ಒಂದು ವಾರವಿರುವಾಗ ತರಗತಿಯ ಹಲಗೆಯ ಮೇಲೆ ಕನ್ನಡದಲ್ಲಿ ‘ವಿಂಗಡಿಸು’ ಎಂದು ಬರೆದು ನೋಡಿದೆ.

“ವಿಂಗಡಿಸು ಅಂದ್ರ ಏನ್ರಿ ಅಕ್ಕೋರ?” ಎಂದು ಕೇಳಿದಳು ಮೊದಲ ಸಾಲಿನ ಹುಡುಗಿ.

ಅರ್ಥಕ್ಕೆ ಮತ್ತೊಂದು ಅರ್ಥ ಹೇಳಬೇಕಾಯಿತು. ‘ಆರಿಸು’ ಎಂದೆ. ಹಾಗಾದರೆ ಅಂಚೆಯವನು ಛಲೋ ಕಾಗದ ಇಟ್ಟುಕೊಂಡು ಉಳಿದದ್ದು ಬಿಡುತ್ತಾನೇನು ಎಂದು ಹಿಂದಿನಿಂದ ಇನ್ನೊಬ್ಬಳು ಕೇಳಿದಳು. ‘ಹಸನು ಮಾಡಿದ ಹಾಗೆ’ ಎಂದೆ. ಅವರೆಲ್ಲ ತಲೆಯಾಡಿಸಿದರು. ಆದರೆ ಅದು ತಪ್ಪು ಎಂದು ನನಗೆ ಗೊತ್ತಿತ್ತು. ಯಾಕೆ ತಪ್ಪು ಎಂದು ಬಾಯಿಬಿಟ್ಟು ಹೇಳಲು ಮಾತ್ರ ಬರುತ್ತಿರಲಿಲ್ಲ.

ದಾರಿ ತೋರಿಸಿದ್ದು ನಮ್ಮ ಅಡುಗೆಮನೆ. ಎಳ್ಳ ಅಮಾವಾಸ್ಯೆ ಹತ್ತಿರ ಬಂದಿತ್ತು. ನಮ್ಮ ಕಡೆ ಆ ದಿನ ಹೊಲಕ್ಕೆ ಹೋಗಿ ಉಣ್ಣುವುದು, ಎಲ್ಲ ಬಗೆಯ ಕಾಳು, ಎಲ್ಲ ಬಗೆಯ ಸೊಪ್ಪು ಕೂಡಿಸಿ ಬಜ್ಜಿ ಪಲ್ಯ ಮಾಡುವುದು. ನಮ್ಮತ್ತೆ ಅದಕ್ಕಾಗಿ ಗಡಿಗೆಗಳನ್ನೆಲ್ಲ ಇಳಿಸಿ ಸಾಲಾಗಿ ಇಟ್ಟಿದ್ದರು. ಆ ಗಡಿಗೆಗಳನ್ನು ನೋಡುತ್ತ ನನಗೆ ಹೊಳೆಯಿತು: ಕಾಳುಗಳನ್ನೆಲ್ಲ ಬೆರೆಸಿ ತರಗತಿಗೆ ಒಯ್ಯಬೇಕು, ಹುಡುಗಿಯರ ಕೈಯಿಂದಲೇ ಬೇರೆ ಬೇರೆ ಮಾಡಿಸಬೇಕು, ಬಾಯಲ್ಲಿ ಆ ಇಂಗ್ಲಿಷ್ ಶಬ್ದ ಒಂದನ್ನೇ ಹೇಳಬೇಕು.

ಸಾಹೇಬರು ಬರುವ ಹಿಂದಿನ ಸಂಜೆ ಅತ್ತೆ ಪಕ್ಕದ ಮನೆಗೆ ಹೋಗಿದ್ದಾಗ ತೊಗರಿ, ಕಡಲೆ, ಹೆಸರು, ಅಲಸಂದಿ ಒಂದೊಂದು ಹಿಡಿ ತೆಗೆದು ಒಂದು ಬಟ್ಟೆ ಚೀಲಕ್ಕೆ ಸುರಿದು ಕಲಸಿದೆ. ಗಡಿಗೆಯಲ್ಲಿ ಇದ್ದ ಹಾಗೆಯೇ ಹಾಕಿದೆ, ಹಸನು ಮಾಡಲಿಲ್ಲ. ಅಡುಗೆಗೇನೂ ಅಲ್ಲವಲ್ಲ. ಅತ್ತೆ ಬಂದ ಮೇಲೆ ಹೇಳಿದೆ:

“ಅತ್ತಿ, ಗೂಟಕ್ಕ ಒಂದು ಚೀಲ ಹಾಕೀನ್ರಿ. ನಾಳಿ ಸಾಲಿಗೆ ಒಯ್ಯೋದದ. ಸಾಹೇಬ್ರು ಬರೋರಿದ್ದಾರ.”

“ಆಯ್ತು ತಗೋ. ನೀ ನಿನ್ನ ಪಾಠ ಓದ್ಕೋ ಹೋಗು,” ಎಂದರು.

ನಮ್ಮತ್ತೆ ಮುಡಬಿಯ ಒಕ್ಕಲುಮನೆಯವರು. ಶಾಲೆಯ ಮುಖ ನೋಡಿದವರಲ್ಲ. ನಾನು ನೌಕರಿಗೆ ಹೋಗುವುದಕ್ಕೆ ಅವರು ಹೂಂ ಎಂದಿರಲಿಲ್ಲ, ಬೇಡವೆಂದೂ ಅಂದಿರಲಿಲ್ಲ. ಮುಂಜಾನೆ ನನ್ನ ಬುತ್ತಿ ಕಟ್ಟಿ ಕಟ್ಟೆಯ ಮೇಲೆ ಇಟ್ಟಿರುತ್ತಿದ್ದರು, ಮಾತಿಲ್ಲದೆ. ಅವರ ತವರಿನಲ್ಲಿ ಒಂದು ರಿವಾಜಿತ್ತು. ನಿಜಾಮರ ಕಾಲದಲ್ಲಿ ಊರಿಗೆ ಸರ್ಕಾರಿ ಸಾಹೇಬರು ಯಾರೇ ಬಂದರೂ ಅವರ ಬಿಡಾರಕ್ಕೆ ಒಕ್ಕಲುಮನೆಯಿಂದ ಕಾಳು, ಬೆಲ್ಲ, ಕೊಬ್ಬರಿ ಹೋಗಬೇಕು. ಹೋಗದಿದ್ದರೆ ಮನೆಯ ಇಜ್ಜತ್ ಹೋಯಿತು. ಇದನ್ನು ಅವರು ಹೆಮ್ಮೆಯಿಂದಲೂ ಹೇಳುತ್ತಿರಲಿಲ್ಲ, ಬೇಸರದಿಂದಲೂ ಹೇಳುತ್ತಿರಲಿಲ್ಲ. ಸೂರ್ಯ ಹುಟ್ಟುತ್ತಾನೆ ಅನ್ನುವ ಹಾಗೆ ಹೇಳುತ್ತಿದ್ದರು.

ಮುಂಜಾನೆ ಹೊರಡುವಾಗ ಚೀಲ ಕೈಗಿಟ್ಟು, “ಎಲ್ಲಾ ಸರಿ ಮಾಡೀನಿ. ಫಿಕೀರ್ ಮಾಡಬ್ಯಾಡ,” ಎಂದರು. ಚೀಲ ಸ್ವಲ್ಪ ಭಾರವಿತ್ತು. ಬುತ್ತಿಯನ್ನೂ ಅದರಲ್ಲೇ ಇಟ್ಟಿದ್ದಾರೆಂದುಕೊಂಡೆ.

ಸಾಹೇಬರು ತರಗತಿಯ ಹಿಂದೆ ಕುರ್ಚಿ ಹಾಕಿಸಿಕೊಂಡು ಕೂತರು. ಪಕ್ಕದಲ್ಲಿ ನಮ್ಮ ಮುಖ್ಯೋಪಾಧ್ಯಾಯಿನಿ. ನಾನು ಹುಡುಗಿಯರನ್ನು ಗುಂಡಗೆ ಕೂರಿಸಿ ನಡುವೆ ಒಂದು ಮೊರ ಇಡಿಸಿದೆ. ಚಿತ್ರ ತೋರಿಸಿದೆ, ವಾಕ್ಯ ಓದಿದೆ, ಚೀಲಕ್ಕೆ ಕೈ ಹಾಕಿದೆ. ಸಡಿಲ ಕಾಳು ಸಿಗಲಿಲ್ಲ. ಒಂದು ಗಂಟು ಸಿಕ್ಕಿತು. ಬಿಳಿ ಬಟ್ಟೆಯ ಗಂಟು, ಒಳಗೆ ಬರೀ ತೊಗರಿ. ಇನ್ನೊಂದು ತೆಗೆದೆ, ಬರೀ ಕಡಲೆ. ಹೆಸರು ಬೇರೆ, ಅಲಸಂದಿ ಬೇರೆ. ತಳದಲ್ಲಿ ಎಲ್ಲಕ್ಕಿಂತ ದೊಡ್ಡದು, ಬೆಲ್ಲದ ಅಚ್ಚು ಮತ್ತು ಎರಡು ಬಟ್ಟಲು ಕೊಬ್ಬರಿ. ಅದರ ಗಂಟು ಸಡಿಲಾಗಿ ಕೊಬ್ಬರಿ ಬಟ್ಟಲು ಮೊರದೊಳಗೆ ಉರುಳಿತು.

ಕೂತಲ್ಲಿಂದಲೇ ಸಾಹೇಬರ ದನಿ ಬಂತು.

“ಅಕ್ಕೋರ, ನಾ ಪಾಠ ನೋಡಾಕ ಬಂದೀನಿ. ಕೊಬ್ರಿ ಬೆಲ್ಲ ತೊಗೊಂಡು ಹೋಗಾಕ ಅಲ್ಲ.”

ನಮ್ಮ ಮುಖ್ಯೋಪಾಧ್ಯಾಯಿನಿ ಮುಖ ಬಾಡಿಸಿಕೊಂಡು, ಒಳಗಿಡಿ ಒಳಗಿಡಿ ಎಂದು ಕಣ್ಣಲ್ಲೇ ಹೇಳಿದರು. ಅಷ್ಟು ಹುಡುಗಿಯರ ಮುಂದೆ, ನೌಕರಿಗಾಗಿ ಸಾಹೇಬರಿಗೆ ಕಾಣಿಕೆ ತಂದವಳಾಗಿ ನಿಂತಿದ್ದೆ. ಗಂಟುಗಳನ್ನು ನೋಡಿದೆ. ತುದಿಯನ್ನು ಒಳಗೆ ಮಡಚಿ ಸಿಕ್ಕಿಸಿ ಕಟ್ಟುವುದು ನಮ್ಮತ್ತೆಯ ಕೈ. ಅವರು ಬೆಳಕು ಹರಿಯುವ ಮೊದಲೇ ಎದ್ದು, ಬೆರಕೆ ಕಾಳು ಸಾಹೇಬರ ಮನೆಗೆ ಹೋದರೆ ಸೊಸೆಗೆ ಅವಮಾನ ಎಂದು ಕೂತು ಇದನ್ನೆಲ್ಲ ಮಾಡಿದ್ದಾರೆಂದು ಆ ಕ್ಷಣಕ್ಕೆ ತಿಳಿಯಿತು. ಸುಳ್ಳು ಹೇಳಲು ಏನೂ ತೋಚಲಿಲ್ಲ, ಹಾಗಾಗಿ ಇದ್ದದ್ದನ್ನೇ ಹೇಳಿದೆ.

“ಸರ್, ಪಾಠಕ್ಕಂತ ನಾ ಕಾಳು ಕೂಡಿಸಿ ಇಟ್ಟಿದ್ದೆ. ನಮ್ಮ ಅತ್ತಿಯವರು ತಾವು ಬರ್ತೀರಂತ ಬ್ಯಾರೆ ಬ್ಯಾರೆ ಮಾಡಿ ಕಟ್ಟ್ಯಾರ. ಬೆಲ್ಲ ಕೊಬ್ರಿ ಅವರ ಕಾಲದ ರಿವಾಜ್ರಿ. ಇಟ್ಟಿದ್ದು ನನಗ ಈಗ ಗೊತ್ತಾಯ್ತು.”

“ಆ ರಿವಾಜೆಲ್ಲ ಹೋತು. ಈಗ ರಾಜ್ಯ ಬದಲಾಗ್ಯಾದ.”

“ಹೌದ್ರಿ ಸರ್. ಅವರಿಗೆ ಇನ್ನೂ ಯಾರೂ ಹೇಳಿಲ್ರಿ.”

ಅವರ ಮೀಸೆಯ ತುದಿ ಸ್ವಲ್ಪ ಅಲುಗಿದ ಹಾಗೆ ಕಂಡಿತು. “ನಡೀಲಿ ಪಾಠ,” ಎಂದರು.

ನಾನು ಬೆಲ್ಲದ ಗಂಟನ್ನು ಪಕ್ಕಕ್ಕಿಟ್ಟು, ಉಳಿದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿ ಮೊರಕ್ಕೆ ಸುರಿದು ಕೈಯಾಡಿಸಿ ಬೆರೆಸಿಬಿಟ್ಟೆ. ಹುಡುಗಿಯರಿಗೆ ತಡೆಯಲಿಲ್ಲ.

“ಅಕ್ಕೋರ, ಹಸನ ಮಾಡಿದ್ದು ಮತ್ತ ಯಾಕ ಕೂಡಸ್ತೀರಿ?”

“ಪಾಪ, ಅವರ ಅತ್ತಿ ಎಷ್ಟೊತ್ತು ಕುಂತಿದ್ರೋ.”

“ಇವತ್ತ ಮನೀಗ ಹೋದ್ರ ಅಕ್ಕೋರು ಬೈಸ್ಕೋತಾರ ನೋಡು.”

“ಸಾರ್ಟ್,” ಎಂದೆ ನಾನು. ಕನ್ನಡದಲ್ಲಿ ಏನೂ ಹೇಳಲಿಲ್ಲ. ಮತ್ತೊಮ್ಮೆ ಕೈತೋರಿಸಿ, “ಸಾರ್ಟ್,” ಎಂದೆ.

ಕೈಗಳು ತಾವೇ ಮೊರಕ್ಕೆ ಬಂದವು. ನಮ್ಮ ಕಡೆಯ ಹುಡುಗಿಯರ ಮುಂದೆ ಬೆರಕೆ ಕಾಳು ಇಟ್ಟರೆ ಸುಮ್ಮನೆ ಕೂರುವವರಿಲ್ಲ. ಒಬ್ಬಳು ಅಭ್ಯಾಸದಂತೆ ಕಲ್ಲು ಹುಡುಕತೊಡಗಿದಳು, ಬೆರಳಲ್ಲಿ ಸರಿಸಿ ಸರಿಸಿ ನೋಡಿದಳು. “ಒಂದೂ ಕಲ್ಲೇ ಇಲ್ಲಲ್ರಿ,” ಎಂದಳು, ಏನೋ ಕಳೆದುಹೋದವಳ ಹಾಗೆ. ಸ್ವಲ್ಪ ಹೊತ್ತಿನಲ್ಲಿ ಮೊರದ ಅಂಚಿಗೆ ತೊಗರಿಯದೊಂದು, ಕಡಲೆಯದೊಂದು, ಹೆಸರಿನದೊಂದು, ಅಲಸಂದಿಯದೊಂದು ಗುಂಪು ಕೂತಿತು. ನಡುವೆ ಮೊರದ ಬಿದಿರು ಕಾಣಿಸುತ್ತಿತ್ತು. ಅಲ್ಲಿ ಒಂದು ಕಡ್ಡಿಯೂ ಉಳಿದಿರಲಿಲ್ಲ.

ಆ ಖಾಲಿ ಜಾಗ ನೋಡುತ್ತಿದ್ದ ಹಾಗೆ, ಒಂದು ವಾರದಿಂದ ನನ್ನ ನಾಲಿಗೆಗೆ ಬಾರದಿದ್ದದ್ದು ಕಣ್ಣಿಗೆ ಬಂತು.

“ಕಸ ಎಲ್ಲದ?” ಎಂದು ಕೇಳಿದೆ.

“ಇಲ್ರಿ.”

“ಹಂಗಾದ್ರ ಇದು ಹಸನ ಮಾಡೋದೇನು?”

ಕಲ್ಲು ಹುಡುಕಿದವಳೇ ನಿಧಾನವಾಗಿ ಹೇಳಿದಳು: “ಅಲ್ರಿ. ಹಸನ ಮಾಡಿದ್ರ ಏನಾರ ಚೆಲ್ಲಬೇಕಾಗ್ತದ. ಇಲ್ಲಿ ಏನೂ ಚೆಲ್ಲಿಲ್ಲ. ಎಲ್ಲಾ ತಮ್ಮ ತಮ್ಮ ಜಾಗಾಕ್ಕ ಹೋಗಿ ಕುಂತಾವ.”

ಆ ಕ್ರಿಯಾಪದದ ಅರ್ಥ ಅಷ್ಟೆ. ಇದು ಬೇಕು, ಇದು ಬೇಡ ಎನ್ನುವುದಲ್ಲ. ಇದು ಇಲ್ಲಿಯದು, ಅದು ಅಲ್ಲಿಯದು ಎನ್ನುವುದು. ಅಂಚೆಯವನು ಯಾರ ಕಾಗದವನ್ನೂ ಚೆಲ್ಲುವುದಿಲ್ಲ.

ಆಮೇಲೆ ಪಾಠ ನನ್ನ ಕೈಯಲ್ಲಿರಲಿಲ್ಲ, ಅವರ ಕೈಗೆ ಹೋಗಿತ್ತು. ನಾನು ಮಾಡುತ್ತೇನೆ, ಅವಳು ಮಾಡುತ್ತಾಳೆ, ನಾವು ಮಾಡಿದೆವು ಎಂದು ರೂಪಗಳನ್ನು ಹೇಳಿಸಿ, ನಿಮ್ಮ ಮನೆಯಲ್ಲಿ ಯಾರು ಏನನ್ನು ‘ಸಾರ್ಟ್’ ಮಾಡುತ್ತಾರೆ ಎಂದು ಕೇಳಿದೆ. ಬಟ್ಟೆ ಒಗೆಯುವ ಮನೆಯ ಹುಡುಗಿ ಎದ್ದು ನಿಂತಳು.

“ನಮ್ಮ ಮನ್ಯಾಗ ಅವ್ವ ಬಟ್ಟಿ ಸಾರ್ಟ್ ಮಾಡ್ತಾಳ್ರಿ. ಗುರ್ತು ನೋಡಿ ಒಬ್ಬೊಬ್ಬರ ಮನೀದು ಒಂದೊಂದು ಗಂಟು. ಒಂದೂ ಚೆಲ್ಲಂಗಿಲ್ರಿ. ಒಂದು ಪಂಚೆ ತಪ್ಪಿದ್ರ ಬಾಗಲಿಗೆ ಬಂದು ಒದರ್ತಾರ.”

“ನಿಮ್ಮ ಮನ್ಯಾವ್ರೇ ಅಲ್ಲೇನು ಒದರೋರು,” ಎಂದು ಅವಳು ಪಕ್ಕದವಳ ಕಡೆ ತಿರುಗಿ ಹೇಳಿದ್ದು ಸಾಹೇಬರಿಗೂ ಕೇಳಿಸಿತು. ಪಕ್ಕದವಳ ಮನೆಯ ಬಟ್ಟೆಯೂ ಇವರಲ್ಲಿಗೇ ಹೋಗುತ್ತಿತ್ತು.

ಸಾಹೇಬರು ಎದ್ದು ಬಂದರು. ಬೆಲ್ಲದ ಗಂಟಿನ ಕಡೆ ಬೆರಳು ಮಾಡಿ, “ಇದನ್ನ ಯಾವ ಗುಂಪಿಗೆ ಸಾರ್ಟ್ ಮಾಡ್ತೀರಿ?” ಎಂದು ಕೇಳಿದರು.

ಮೊದಲ ಸಾಲಿನವಳು ಕೈ ಚಾಚಿ, “ನಮ್ಮ ಕೈಯಾಗ್ರಿ,” ಎಂದಳು.

ಅವರು ನಕ್ಕರು. ನಮ್ಮ ಮುಖ್ಯೋಪಾಧ್ಯಾಯಿನಿ ಅವರು ನಕ್ಕಿದ್ದನ್ನು ನೋಡಿಕೊಂಡು ಆಮೇಲೆ ನಕ್ಕರು. ಬೆಲ್ಲವನ್ನು ಹೊಸ್ತಿಲ ಮೇಲೆ ಒಡೆದು, ಕೊಬ್ಬರಿ ಚೂರು ಮಾಡಿ ಹಂಚಿದೆವು. ಸಾಹೇಬರು ಒಂದು ಚೂರನ್ನೂ ಮುಟ್ಟಲಿಲ್ಲ. ಹೋಗುವಾಗ ನನ್ನ ಪಾಠದ ಬಗ್ಗೆ ಒಂದು ಮಾತೂ ಆಡಲಿಲ್ಲ. “ಅತ್ತಿಯವರಿಗೆ ನಮಸ್ಕಾರ ಹೇಳ್ರಿ,” ಎಂದಷ್ಟೇ ಅಂದರು. ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ನನಗೆ ತಿಳಿಯಲಿಲ್ಲ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಆ ಪಾಠವನ್ನು ನಾನು ಆಮೇಲೆ ಎಷ್ಟೋ ತಂಡಗಳಿಗೆ ಕಲಿಸಿದೆ. ಪುಸ್ತಕ ಬದಲಾಯಿತು, ಟೋಪಿಯ ಅಂಚೆಯವನು ಹೋದ, ಆದರೆ ಶಬ್ದ ಉಳಿಯಿತು. ಒಂದು ವರ್ಷ ಗಡಿಬಿಡಿಯಲ್ಲಿ ಹಸನು ಮಾಡದ ಕಾಳನ್ನೇ ಒಯ್ದಿದ್ದೆ. ಹುಡುಗಿಯರು ಮೊದಲು ಕಲ್ಲು ತೆಗೆದು ಕಿಟಕಿಯಿಂದ ಎಸೆದರು, ಆಮೇಲೆ ಮುಕ್ಕಾದ ಕಾಳು ಎಸೆದರು, ಕೊನೆಗೆ ‘ಸಾರ್ಟ್’ ಅಂದರೆ ಕೆಟ್ಟದ್ದನ್ನು ಎಸೆಯುವುದು ಎಂದು ಕಲಿತುಕೊಂಡು ಹೋದರು. ಅದನ್ನು ಅವರ ತಲೆಯಿಂದ ತೆಗೆಯಲು ನನಗೆ ಮತ್ತೊಂದು ವಾರ ಹಿಡಿಯಿತು. ಅಂದು ಸಾಹೇಬರ ಮುಂದೆ ನಾನು ಕಟ್ಟಿಟ್ಟ ಚೀಲವೇ ಹೋಗಿದ್ದರೆ ಏನಾಗುತ್ತಿತ್ತೆಂದು ಆಗ ತಿಳಿಯಿತು. ಎಂಬತ್ತರ ನಂತರ ಹಳ್ಳಿಖೇಡದ ಕಡೆಯಿಂದ ಬಂದ ಒಬ್ಬ ಹುಡುಗಿ, ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಲಾರಿ ಒಂದು ಸಾಲು, ಟ್ರ್ಯಾಕ್ಟರ್ ಒಂದು ಸಾಲು ‘ಸಾರ್ಟ್’ ಮಾಡಿ ನಿಲ್ಲಿಸುತ್ತಾರೆ ಎಂದು ಉದಾಹರಣೆ ಕೊಟ್ಟಳು. ಬಹಳ ಚೆನ್ನಾಗಿದೆ ಎಂದೆ.

ಆ ಸಂಜೆಗೆ ಬರುತ್ತೇನೆ. ಮನೆಗೆ ಹೋದಾಗ ಅತ್ತೆ ಬಾಗಿಲಲ್ಲೇ ಕೂತಿದ್ದರು.

“ಸಾಹೇಬ್ರು ತೊಗೊಂಡ್ರೇನು?”

ನಾನು ನಡೆದದ್ದೆಲ್ಲ ಹೇಳಿದೆ. ನಗುತ್ತಲೇ ಹೇಳಿದೆ, ಆದರೆ ಅವರು ನಗಲಿಲ್ಲ.

“ಹಂಗಾರ ನಿನ್ನ ನೌಕರಿ ನಾ ಕಳದ್ನೇನು?”

“ಇಲ್ರಿ ಅತ್ತಿ. ನೀವು ಕಲ್ಲು ತೆಗದಿದ್ದಕ್ಕ ಪಾಠ ತಿಳೀತು ಹುಡುಗ್ಯಾರಿಗೆ.”

“ಸಮಾಧಾನಕ್ಕ ಹೇಳಬ್ಯಾಡ. ಸಾಹೇಬ್ರು ಸಿಟ್ಟಾದ್ರೋ ಇಲ್ಲೋ?”

“ಮೊದಲ ಆದ್ರು.”

“ಅಷ್ಟೇ ಮತ್ತ,” ಎಂದು ಒಳಗೆ ಹೋದರು.

ಅಂದಿನಿಂದ ಅವರು ನನ್ನ ವಸ್ತು ಯಾವುದನ್ನೂ ಮುಟ್ಟಲಿಲ್ಲ. ನನ್ನ ಚೀಲ ನಡುಮನೆಯಲ್ಲಿ ಬಿದ್ದಿದ್ದರೆ ಸುತ್ತುಹಾಕಿ ಹೋಗುತ್ತಿದ್ದರು. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಬಜ್ಜಿ ಬಡಿಸುವಾಗಲೂ ಮುಖ ಸಪ್ಪಗಿತ್ತು. ನಮ್ಮ ಮನೆಯವರು, “ಏನವ್ವಾ, ನಿನ್ನ ಮಾರ್ಯಾಗಿನ ಉಪ್ಪೆಲ್ಲಾ ಬಜ್ಜಿಗೆ ಹಾಕೀಯೇನು?” ಎಂದು ಚೇಷ್ಟೆ ಮಾಡಿದರೆ ಮಗನಿಗೆ ಬಡಿಸದೆ ಮುಂದೆ ಹೋದರು. ಪ್ರತಿ ಸಂಜೆ ನಾನು ಚಪ್ಪಲಿ ಬಿಡುವಾಗ ಒಂದೇ ಪ್ರಶ್ನೆ: “ಕಾಗದ ಬಂತೇನು?” ಇಲ್ಲ ಎಂದರೆ ತಲೆಯಾಡಿಸಿ ಒಲೆಯ ಮುಂದೆ ಹೋಗಿ ಕೂರುತ್ತಿದ್ದರು. ನಾನು ನೌಕರಿಗೆ ಹೋಗುವುದು ಅವರಿಗೆ ಬೇಡವೇನೋ ಎಂದು ಇಷ್ಟು ದಿನ ಅಂದುಕೊಂಡಿದ್ದೆನಲ್ಲ. ಅವರ ಆ ಪ್ರಶ್ನೆಯನ್ನು ಕೇಳಿ ಕೇಳಿ, ಇದು ನನ್ನೊಬ್ಬಳ ಆಸೆಯಲ್ಲ ಎಂದು ತಿಳಿಯಿತು. ಆ ತಿಳಿವಳಿಕೆಗೇ ನಾನು ಎಷ್ಟು ಋಣಿ ಎಂದು ಹೇಳಲಾರೆ.

ಬೇಸಿಗೆ ರಜೆಗೆ ಶಾಲೆ ಮುಚ್ಚುವ ದಿನ ಮುಖ್ಯೋಪಾಧ್ಯಾಯಿನಿಯವರು ಕರೆದು, “ಸಾಹೇಬ್ರು ಬರದಾರ. ಮನೀ ವಸ್ತು ತಂದು, ಹುಡುಗ್ಯಾರ ಕೈಲೇ ಮಾಡಿಸಿ ತಿಳಿಸ್ಯಾರ ಅಂತ. ಜೂನಕ್ಕ ಬರ್ರಿ, ಖಾಯಂ,” ಎಂದರು. ನಾನು ಬಿಸಿಲಲ್ಲಿ ಓಡುತ್ತಲೇ ಮನೆಗೆ ಬಂದೆ. ಅತ್ತೆ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದರು.

“ಅತ್ತಿ, ಉಳಿಸ್ಕೊಂಡ್ರು.”

ಅವರು ಬೂದಿಗೈಯಲ್ಲೇ ಕೂತಿದ್ದರು. “ಇನ್ನೊಂದ್ ಸಲ ಹೇಳು,” ಎಂದರು. ಹೇಳಿದೆ.

“ಕಲ್ಲು ಇರಲಾರದ್ದಕ್ಕ ಅಂತೀ?”

“ಹೌದ್ರಿ. ಕಲ್ಲು ಇರಲಾರದ್ದಕ್ಕ.”

ಕೈ ತೊಳೆದುಕೊಂಡು, ಸೆರಗು ಸರಿಮಾಡಿಕೊಂಡು ಪಕ್ಕದ ಮನೆಯ ಕಟ್ಟೆಗೆ ಹೋದರು. “ನಮ್ಮ ಸೊಸೀದು ಖಾಯಂ ಆತು ನೋಡ್ರೆವ್ವಾ. ಇಂಗ್ಲಿಷ್ ಕಲಸ್ತಾಳ,” ಎಂದು ಹೇಳುವುದು ನನಗೆ ಹಿತ್ತಲಿಗೇ ಕೇಳಿಸಿತು. ಹ್ಯಾಂಗ ಆಯಿತು, ಏನು ಎಂದು ಆ ಹೆಂಗಸರು ಕೇಳಿದರು. “ಆಕಿ ಶಾಣ್ಯಾಕಿ ಇದ್ದಾಳ, ಆತು,” ಎಂದಷ್ಟೇ ಅಂದರು. ತಾವು ಕಾಳು ಹಸನು ಮಾಡಿದ ಮಾತನ್ನು ಎತ್ತಲೇ ಇಲ್ಲ.

ನನಗೆ ಒಳಗೆ ನಿಲ್ಲಲಾಗಲಿಲ್ಲ. ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು ಹೋಗಿ ಅವರ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತೆ. ಅವರು ನನ್ನ ಮೊಣಕೈ ಹಿಡಿದು ಬ್ಯಾಡ ಬ್ಯಾಡ ಎಂದು ಜಗ್ಗುತ್ತಿದ್ದರೂ, ಅಂದು ಬೆಳಕು ಹರಿಯುವ ಮೊದಲೇ ಅವರು ಎದ್ದು ಕಾಳು ಹಸನು ಮಾಡಲು ಕೂತಲ್ಲಿಂದ ಶುರುಮಾಡಿ ಎಲ್ಲವನ್ನೂ ಆ ಹೆಂಗಸರಿಗೆ ಹೇಳಿದೆ.